ನೀರಿನಿಂದ ಪಡೆದ ನೆಲದಲ್ಲಿ ನೆರೆಯವರು ಯಾರು?

ಮುಂಬಯಿಯ ಮೊಹಮ್ಮದ್ ಅಲಿ ರಸ್ತೆಗೆ ಹತ್ತಿಕೊಂಡಂತೆ ಪಾಯಧುನಿ ಎಂಬ ಜಾಗವಿದೆ. ಕಾಲು ತೊಳೆಯುವ ತಾಣ ಎಂದು ಆ ಹೆಸರಿನ ಅರ್ಥ. ಒಂದು ಕಾಲದಲ್ಲಿ ಉಬ್ಬರದ ನೀರು ಅಲ್ಲಿಯವರೆಗೂ ಬರುತ್ತಿತ್ತು. ಇಳಿತದ ಹೊತ್ತು ನೋಡಿ ಕೆಸರು ದಾಟಿ ಬಂದವರು ಅಲ್ಲಿ ಕಾಲು ತೊಳೆದುಕೊಂಡು ಊರೊಳಗೆ ಹೋಗುತ್ತಿದ್ದರು ಎನ್ನುತ್ತಾರೆ. ಅದರ ಸಮೀಪದಲ್ಲೇ ಉಮರಖಾಡಿ. ಖಾಡಿ ಎಂದರೆ ಕಡಲು ಒಳನುಗ್ಗಿ ನಿಂತ ಹಿನ್ನೀರು. ನೀರು ಹೋಗಿ ಬಹಳ ಕಾಲವಾಯಿತು, ಹೆಸರು ಉಳಿದಿದೆ.

ಇವತ್ತು ಆ ಓಣಿಗಳಲ್ಲಿ ನಡೆದವರಿಗೆ ಕಾಣುವುದು ಬೇರೆಯೇ ಲೋಕ. ಕೆಳಗೆ ಅಂಗಡಿ, ಅದರ ಹಿಂದೆ ಕೆಲಸದ ಕೋಣೆ, ಮೇಲೆ ಮನೆಗಳು. ಅತ್ತರಿನವನು, ದರ್ಜಿ, ಪುಸ್ತಕದಂಗಡಿ, ಯುನಾನಿ ದವಾಖಾನೆ, ಮಸೀದಿ, ಸ್ವಲ್ಪ ದೂರದಲ್ಲಿ ಗೋಡೀಜಿ ಜೈನ ಮಂದಿರ, ಅದರಾಚೆ ಮುಂಬಾದೇವಿ. ಹೀಗೆ ವಾಸ, ದುಡಿಮೆ, ವ್ಯಾಪಾರ, ಪ್ರಾರ್ಥನೆ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿರುವುದಕ್ಕೆ ನಗರ ಯೋಜಕರು ಈಗ ಮಿಶ್ರ ಬಳಕೆಯ ಬಡಾವಣೆ ಎಂದು ಹೆಸರಿಟ್ಟಿದ್ದಾರೆ. ಕಡಲನ್ನೋ ಸರೋವರವನ್ನೋ ತುಂಬಿಸಿ ಹೊಸ ನೆಲ ಮಾಡುವ ನಗರಗಳು ಆ ನೆಲದ ಮೇಲೆ ಇಂಥ ಬಡಾವಣೆಯನ್ನೇ ಕಟ್ಟುತ್ತೇವೆ ಎಂದು ಹೇಳಿಕೊಳ್ಳುತ್ತವೆ. ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆ ಎಂಜಿನಿಯರುಗಳದ್ದಲ್ಲ. ಎಲ್ಲರದೂ ಆಗಿದ್ದ ನೀರನ್ನು ನೆಲವಾಗಿ ಮಾಡಿದ ಮೇಲೆ ಅಲ್ಲಿ ಯಾರು ಯಾರ ನೆರೆಯಲ್ಲಿ ಇರಬೇಕೆಂದು ತೀರ್ಮಾನಿಸುವ ಹಕ್ಕು ಯಾರದು? ಆ ಹಕ್ಕಿಗೆ ಅಂಟಿಕೊಂಡ ಋಣವೇನು?

ಪಾಯಧುನಿಯನ್ನು ಯಾರೂ ನಕ್ಷೆ ಬರೆದು ಮಿಶ್ರ ಬಡಾವಣೆಯಾಗಿ ಕಟ್ಟಲಿಲ್ಲ. ಬಡತನ, ವ್ಯಾಪಾರ ಮತ್ತು ವಲಸೆ ಸೇರಿ ಅದನ್ನು ಹಾಗೆ ಮಾಡಿದವು. ಆದ್ದರಿಂದ ಅದರ ಬಗ್ಗೆ ಹಾಡಿ ಹೊಗಳುವವರ ಸಾಲಿನಲ್ಲಿ ನಾವಿಲ್ಲ. ತಗ್ಗಾದ, ತೇವದ ನೆಲದ ಮೇಲೆ ಒತ್ತೊತ್ತಾಗಿ ಎದ್ದ ಚಾಳುಗಳಿಗೆ ಗಾಳಿಯಿರಲಿಲ್ಲ, ಚರಂಡಿಯಿರಲಿಲ್ಲ. 1896ರಲ್ಲಿ ಪ್ಲೇಗು ಬಂದಾಗ ಮುಂಬಯಿಯ ಇಂಥ ಕೇರಿಗಳೇ ಹೆಚ್ಚು ಬಲಿಯಾದವು. ಎರಡು ವರ್ಷಗಳ ನಂತರ ನಗರ ಸುಧಾರಣಾ ಟ್ರಸ್ಟ್ ಹುಟ್ಟಿದ್ದು ಆ ಹೆದರಿಕೆಯಿಂದಲೇ. ಯೋಜನೆಯೇ ಬೇಡ, ಜನ ತಾವಾಗಿಯೇ ಕಟ್ಟಿಕೊಳ್ಳುತ್ತಾರೆ ಎನ್ನುವುದು ಚಾಳಿನಲ್ಲಿ ಬಾಳದವರ ಮಾತು.

ಹಾಗಾದರೆ ಯೋಜನೆ ಮಾಡಿ ಕಟ್ಟಿದ ಕಡಲ ನೆಲ ಏನಾಯಿತೆಂದು ನೋಡೋಣ. ಮುಂಬಯಿ ಏಳು ದ್ವೀಪಗಳನ್ನು ಹೊಲಿದು ಮಾಡಿದ ಊರು. ಗವರ್ನರ್ ಹಾರ್ನ್‌ಬಿ ಕಾಲದಲ್ಲಿ, 1784ರ ಹೊತ್ತಿಗೆ, ವರಳಿಯ ಕಡೆಯ ದೊಡ್ಡ ಕಂಡಿಯನ್ನು ಒಡ್ಡು ಹಾಕಿ ಮುಚ್ಚಿದ ಮೇಲೆ ಉಬ್ಬರದ ನೀರು ನಡುವಿನ ತಗ್ಗಿಗೆ ಬರುವುದು ನಿಂತಿತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದಾಗ, ಕಡಲನ್ನು ತುಂಬಿಸುವುದಕ್ಕೆಂದೇ ಕಂಪೆನಿಗಳು ಹುಟ್ಟಿ, ಇನ್ನೂ ನೀರಿನಡಿ ಇದ್ದ ನೆಲದ ಷೇರುಗಳು ಕೈಯಿಂದ ಕೈಗೆ ಹಾರಿದವು. 1865ರಲ್ಲಿ ಯುದ್ಧ ಮುಗಿಯಿತು, ಷೇರುಗಳೂ ಮುಳುಗಿದವು. 1920ರ ನಂತರ ಗವರ್ನರ್ ಲಾಯ್ಡ್ ಹೂಡಿದ ಬ್ಯಾಕ್‌ಬೇ ಯೋಜನೆಯಲ್ಲಿ ಎಂಟು ಭಾಗಗಳಿದ್ದವು, ಪೂರ್ಣವಾದದ್ದು ನಾಲ್ಕು. ಅದರಲ್ಲಿ ನಡೆದ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಖುರ್ಷಿದ್ ನರಿಮನ್. ಅದಕ್ಕಾಗಿ ಅವರು ಮಾನನಷ್ಟ ಮೊಕದ್ದಮೆಯನ್ನೂ ಎದುರಿಸಿ ಗೆದ್ದರು. ಸ್ವಾತಂತ್ರ್ಯದ ನಂತರ ಉಳಿದ ಭಾಗಗಳನ್ನು ತುಂಬಿಸಲು ಹೊರಟ ಸರಕಾರ ಹೊಸ ನೆಲದ ತುದಿಗೆ ಅವರದೇ ಹೆಸರಿಟ್ಟು ನರಿಮನ್ ಪಾಯಿಂಟ್ ಎಂದು ಕರೆಯಿತು. ಕಥೆಯಲ್ಲಿ ಹೀಗೆ ಬರೆದರೆ ಸಂಪಾದಕರು ಅತಿಯಾಯಿತೆಂದು ಹೊಡೆದು ಹಾಕುತ್ತಿದ್ದರು.

ಅದೇ ಕಾಲಕ್ಕೆ, 1965ರಲ್ಲಿ, ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಎಂಬ ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ ಬೇರೊಂದು ದಾರಿ ತೋರಿಸಿದ್ದರು. ದಕ್ಷಿಣದ ತುದಿಯಲ್ಲೇ ಕಚೇರಿಗಳನ್ನು ಪೇರಿಸಿದರೆ ಇಡೀ ಊರು ದಿನವೂ ಒಂದೇ ದಿಕ್ಕಿಗೆ ಓಡಬೇಕಾಗುತ್ತದೆ, ಕೊಲ್ಲಿಯಾಚೆ ಹೊಸ ನಗರ ಕಟ್ಟಿ ಎಂಬುದು ಅವರ ವಾದ. 1970ರಲ್ಲಿ ಅದಕ್ಕಾಗಿ ಸಿಡ್ಕೋ ಸಂಸ್ಥೆಯೂ ಬಂತು. ಆದರೆ ನರಿಮನ್ ಪಾಯಿಂಟ್ ನಿಲ್ಲಲಿಲ್ಲ. ಅಲ್ಲಿ ಎದ್ದದ್ದು ಕಚೇರಿಗಳ ಗೋಪುರ. ಬೆಳಿಗ್ಗೆ ಚರ್ಚ್‌ಗೇಟ್ ನಿಲ್ದಾಣದಿಂದ ಜನ ಹೊಳೆಯಂತೆ ಹರಿದು ಬರುವುದು, ಸಂಜೆ ಹಾಗೆಯೇ ಹಿಂದಿರುಗುವುದು. ದೀಪ ಆರಿದ ಮೇಲೆ ಅಲ್ಲಿ ಯಾವ ತಾಯಿಯೂ ಮಗುವನ್ನು ಊಟಕ್ಕೆ ಕರೆಯುವುದಿಲ್ಲ. ಹೊಸ ನಗರವೂ ನಿರಪರಾಧಿಯಲ್ಲವೆನ್ನಿ. ಅದಕ್ಕಾಗಿ ನೆಲ ಕಳೆದುಕೊಂಡ ಹಳ್ಳಿಗಳವರು ನ್ಯಾಯವಾದ ಪರಿಹಾರ ಕೇಳಿ ಬೀದಿಗಿಳಿದಾಗ, 1984ರ ಜನವರಿಯಲ್ಲಿ, ಪೊಲೀಸರ ಗುಂಡಿಗೆ ಐವರು ಬಲಿಯಾದರು. ನೀರನ್ನು ಮುಟ್ಟದಿದ್ದರೆ ಹೊಲವನ್ನು ಮುಟ್ಟಬೇಕಾಗುತ್ತದೆ ಎಂಬ ಯೋಜಕರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಕಡಲಿನಿಂದ ಬಂದ ನೆಲ ಒಂದೇ ಕೆಲಸದ, ಒಂದೇ ವರ್ಗದ ನೆಲವಾಗುವುದೇಕೆ? ಕಲ್ಲು ಮಣ್ಣು ಸುರಿದು ನೆಲ ಮಾಡಲು ಅಪಾರ ದುಡ್ಡು ಬೇಕು. ಆ ದುಡ್ಡು ಹಿಂದಿರುಗಬೇಕಾದರೆ ಹೆಚ್ಚು ಕೊಡುವವನಿಗೆ ಮಾರಬೇಕು. ಹೆಚ್ಚು ಕೊಡುವವನು ಬ್ಯಾಂಕು, ವಿಮಾ ಕಂಪೆನಿ, ಇಲ್ಲವೇ ಸಮುದ್ರ ಕಾಣುವ ಮನೆ ಬೇಕೆನ್ನುವ ಸಿರಿವಂತ. ಲೆಕ್ಕ ಸರಿಯಾಗಿದೆ. ಆದರೆ ಆ ನೆಲಕ್ಕೆ ಅಷ್ಟು ಬೆಲೆ ಬಂದದ್ದು ಸುರಿದ ಮಣ್ಣಿನಿಂದಲೇ? ಅದೇ ಮಣ್ಣನ್ನು ಊರಿಲ್ಲದ ಕಡಲ ತೀರದಲ್ಲಿ ಸುರಿದಿದ್ದರೆ ಯಾರು ಕೊಳ್ಳುತ್ತಿದ್ದರು? ಪಕ್ಕದಲ್ಲಿ ಫೋರ್ಟ್ ಇತ್ತು, ರೈಲಿತ್ತು, ರೈಲಿನಲ್ಲಿ ಜೋತುಬಿದ್ದು ಬರುವ ಗುಮಾಸ್ತರಿದ್ದರು, ಅವರಿಗೆ ಚಹಾ ಕೊಡುವವರಿದ್ದರು. ಇಡೀ ಊರು ಕೊಟ್ಟ ಬೆಲೆ ಅದು. ನೀರು ಎಲ್ಲರದು, ಬೆಲೆ ಎಲ್ಲರಿಂದ ಬಂದದ್ದು, ನೆಲ ಮಾತ್ರ ಕೆಲವರದ್ದಾಯಿತು. ಋಣ ಎಂದು ನಾವು ಹೇಳುತ್ತಿರುವುದು ಇದನ್ನೇ.

ಇನ್ನೊಂದು ಕಾರಣ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬೀದಿಯೊಂದು ಜೀವಂತವಾಗಿರಲು ಹಲವು ಬಗೆಯ ಬಳಕೆಯ ಜೊತೆಗೆ ಹಳೆಯ ಕಟ್ಟಡಗಳೂ ಬೇಕೆಂದು ವಾದಿಸಿದ್ದರು. ಹಳೆಯ ಕಟ್ಟಡದ ಸಾಲ ತೀರಿರುತ್ತದೆ, ಬಾಡಿಗೆ ಕಡಿಮೆಯಿರುತ್ತದೆ, ಸಣ್ಣ ಲಾಭದ ಕಸುಬುಗಳು ಅಲ್ಲಿ ಉಸಿರಾಡುತ್ತವೆ. ಕನ್ನಡಿಗರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಹೋದ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿ ಮೇಲೆ ಬಂದ ಕಥೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿದೆ. ದುಡಿಯುವ ಹೋಟೆಲು, ಮಲಗುವ ಜಾಗ, ಓದುವ ಶಾಲೆ ಮೂರೂ ಹತ್ತಿರದಲ್ಲಿದ್ದುದರಿಂದ, ಮೂರಕ್ಕೂ ಅಗ್ಗದ ಜಾಗ ಸಿಗುತ್ತಿದ್ದುದರಿಂದ ಅದು ಸಾಧ್ಯವಾಯಿತು. ಕಡಲಿನಿಂದ ನಿನ್ನೆ ಎದ್ದ ನೆಲದಲ್ಲಿ ಹಳೆಯ ಕಟ್ಟಡ ಎಲ್ಲಿಂದ ಬರಬೇಕು? ಅಲ್ಲಿ ಎಲ್ಲವೂ ಒಂದೇ ವಯಸ್ಸಿನವು, ಎಲ್ಲವೂ ದುಬಾರಿ. ಅಂಥಲ್ಲಿ ಮಿಶ್ರ ಬಳಕೆ ಎಂದರೆ ಕೆಳಗೆ ಬ್ರಾಂಡಿನ ಬಟ್ಟೆಯಂಗಡಿ, ಮೇಲೆ ಕಚೇರಿ, ಅದರ ಮೇಲೆ ಕೋಟಿ ಬೆಲೆಯ ಮನೆ. ಕೆಲಸಗಳು ಬೆರೆತವು, ಜನ ಬೆರೆಯಲಿಲ್ಲ. ಮನೆಗೆಲಸದವಳು ಎಲ್ಲಿಂದ ಬರುತ್ತಾಳೆ, ಎಷ್ಟು ಬಸ್ಸು ಬದಲಿಸುತ್ತಾಳೆ ಎಂಬುದು ನಕ್ಷೆಯ ಹೊರಗಿನ ವಿಷಯ.

ಈ ಪ್ರಶ್ನೆ ಇವತ್ತಿನದಲ್ಲ. ಸತ್ತ ನೆಲವನ್ನು ಬದುಕಿಸುವುದಕ್ಕೆ ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಇಹ್ಯಾ-ಉಲ್-ಮವಾತ್ ಎಂದು ಹೆಸರು. ಯಾರದೂ ಅಲ್ಲದ ಪಾಳು ನೆಲವನ್ನು ದುಡಿದು ಹಸನು ಮಾಡಿದವನಿಗೆ ಅದು ಸೇರುತ್ತದೆ. ಆದರೆ ಅದಕ್ಕೆ ಆಡಳಿತದ ಅನುಮತಿ ಬೇಕು ಎಂದರು ಇಮಾಮ್ ಅಬೂ ಹನೀಫಾ. ಬೇಡ ಎಂದರು ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ. ಗುರುವಿಗೆ ಇದ್ದದ್ದು ಬಲ್ಲಿದರು ನುಗ್ಗಿ ಕಬಳಿಸುತ್ತಾರೆಂಬ ಆತಂಕವಿರಬೇಕು, ಶಿಷ್ಯರಿಗೆ ಬಡ ರೈತ ಕಚೇರಿ ಕಚೇರಿ ಅಲೆಯಬೇಕಾದೀತೆಂಬ ಆತಂಕ. ಇದು ನಮ್ಮ ಊಹೆ. ಆದರೆ ಎರಡೂ ಆತಂಕಗಳು ಇವತ್ತಿಗೂ ನಿಜ. ಇದೇ ಅಬೂ ಯೂಸುಫ್ ಖಲೀಫಾ ಹಾರೂನ್ ರಶೀದರಿಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಟೈಗ್ರಿಸ್, ಯೂಫ್ರಟಿಸ್ ನದಿಗಳ ನಡುವೆ ನೀರು ಸರಿದು ಮೇಲೇಳುವ ನಡುಗಡ್ಡೆಗಳ ವಿಚಾರ ಬರುತ್ತದೆ. ಒಬ್ಬನು ಅದಕ್ಕೆ ಒಡ್ಡು ಕಟ್ಟಿ ಸಾಗುವಳಿ ಮಾಡಬಹುದೇ? ಇತರರಿಗೆ ಕೇಡಾಗದಿದ್ದರೆ ಮಾಡಬಹುದು, ಕೇಡಾಗುವಂತಿದ್ದರೆ ಅವನನ್ನು ತಡೆಯಬೇಕು ಎಂಬುದು ಅವರ ನಿಲುವು. ಬಾವಿ ಹೊಳೆಗಳ ಸುತ್ತ ಯಾರೂ ಆಕ್ರಮಿಸಬಾರದ ಹರೀಮ್ ಎಂಬ ಅಂಚನ್ನೂ ಶಾಸ್ತ್ರಕಾರರು ಗುರುತಿಸಿದ್ದರು.

ಇಲ್ಲಿ ನಮಗೆ ತೊಡಕಾಗುವುದು ‘ಸತ್ತ’ ಎಂಬ ಮಾತು. ಪಾಳು ನೆಲವನ್ನು ಸತ್ತದ್ದು ಎನ್ನಬಹುದು. ಅಳಿವೆ ಸತ್ತಿದೆಯೇ? ಕಾಂಡ್ಲಾ ಮರಗಳ ಬೇರಿನ ಸಂದಿಯಲ್ಲಿ ಮೀನು ಸಿಗಡಿಗಳು ಮರಿಮಾಡುತ್ತವೆ. ಜೌಗು ನೆಲ ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮುಂಬಯಿಯಲ್ಲಿ ಮೀಠಿ ನದಿಯ ಜೌಗನ್ನು ತುಂಬಿಸಿ ಬಾಂದ್ರಾ ಕುರ್ಲಾ ಕಚೇರಿ ಸಂಕೀರ್ಣ ಕಟ್ಟಿದರು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನದಿಗೆ ಹರಡಿಕೊಳ್ಳಲು ಜಾಗವಿರಲಿಲ್ಲ. ಅದು ಮನೆಗಳಲ್ಲಿ ಹರಡಿಕೊಂಡಿತು. ಬೆಂಗಳೂರಿನವರೂ ಇದನ್ನು ಬಲ್ಲರು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ನಿಂತಿದೆ, ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ. ಸಂಪಂಗಿಯ ನೀರು ನಂಬಿ ತೋಟ ಮಾಡುತ್ತಿದ್ದ ತಿಗಳರಿಗೆ ಇವತ್ತು ಉಳಿದಿರುವುದು ಕರಗದ ಆಚರಣೆಗೆಂದು ಬಿಟ್ಟ ಪುಟ್ಟ ಕೊಳ. ಆ ಕೆರೆಗಳನ್ನು ಮುಚ್ಚಿದವರ ಕಣ್ಣಿಗೂ ನೀರು ಬರಿಯ ಖಾಲಿ ಜಾಗವಾಗಿ ಕಂಡಿರಬೇಕು.

ನೀರನ್ನು ಖಾಲಿ ಜಾಗವೆಂದು ಕಾಣದ ಒಬ್ಬನ ನೆನಪು ಮುಂಬಯಿಯಲ್ಲೇ ಇದೆ. ಕ್ರಾಫರ್ಡ್ ಮಾರುಕಟ್ಟೆಯ ಹತ್ತಿರದ ಜಾಮಾ ಮಸೀದಿ ನಿಂತಿರುವುದು ಒಂದು ಕೆರೆಯ ಮೇಲೆ. ಆ ಜಾಗ ಕೊಂಕಣಿ ಮುಸ್ಲಿಂ ವರ್ತಕನೊಬ್ಬನದಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮಸೀದಿ ಕಟ್ಟಲು ಅವನು ಒಪ್ಪಿದ್ದು ಒಂದು ಷರತ್ತಿನ ಮೇಲೆ, ಕೆರೆಯನ್ನು ಇದ್ದ ಹಾಗೆ ಉಳಿಸಬೇಕೆಂದು. ಹಾಗೆಂದು ಮುಂಬಯಿಯ ಗೆಜೆಟಿಯರ್ ದಾಖಲಿಸಿದೆ. ನೀರಿನೊಳಗಿಂದ ಕಲ್ಲಿನ ಕಮಾನುಗಳನ್ನೆಬ್ಬಿಸಿ ಅವುಗಳ ಮೇಲೆ ಮಸೀದಿ ಕಟ್ಟಿದರು, 1802ರಲ್ಲಿ ಕೆಲಸ ಮುಗಿಯಿತು. ಇವತ್ತಿಗೂ ಅಲ್ಲಿ ಒರತೆಯ ನೀರಿದೆ, ಮೀನುಗಳಿವೆ, ವುಜೂ ಮಾಡುವವರು ಅದರ ಅಂಚಿಗೆ ಕೂರುತ್ತಾರೆ. ಸುತ್ತಲೂ ಅಂಗಡಿ ಸಾಲು. ಕೆರೆಯನ್ನು ಮುಚ್ಚಿದ್ದರೆ ಖರ್ಚು ಕಡಿಮೆಯಾಗುತ್ತಿತ್ತು, ಸಿಗುವ ಜಾಗವೂ ಹೆಚ್ಚುತ್ತಿತ್ತು. ವರ್ತಕನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಹೇಳಲಾಗದು.

ಒಳ್ಳೆಯ ಮನಸ್ಸಿನಿಂದ ಯೋಜಿಸಿದವರೂ ಇದ್ದಾರೆ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರ ತನ್ನ ಪೂರ್ವಕ್ಕಿರುವ ಸರೋವರದಲ್ಲಿ ಐಬರ್ಗ್ ಎಂಬ ದ್ವೀಪಗಳ ಬಡಾವಣೆ ಕಟ್ಟಿತು. ಮೆತ್ತನೆಯ ತಳದ ಮೇಲೆ ಒಮ್ಮೆಲೇ ಮರಳು ಸುರಿದರೆ ತಳವೇ ಜಾರಿಹೋಗುತ್ತದೆಂದು, ದೋಸೆ ಹುಯ್ದ ಹಾಗೆ ತೆಳ್ಳಗೆ ಒಂದರ ಮೇಲೊಂದು ಪದರ ಹಾಕುತ್ತ ಹೋದರು. ಅವರೂ ಅದನ್ನು ತಮ್ಮ ದೋಸೆಯ ಹೆಸರಿನಿಂದಲೇ ಕರೆಯುತ್ತಾರೆ. 18 ಸಾವಿರ ಮನೆ, 45 ಸಾವಿರ ಜನ ಎಂಬುದು ಮೂಲ ಲೆಕ್ಕ. ಸುಮಾರು ಮೂರರಲ್ಲೊಂದು ಪಾಲು ಮನೆಗಳು ಕಡಿಮೆ ಬಾಡಿಗೆಯವು, ಅವನ್ನೂ ದೂರದ ಮೂಲೆಗೆ ತಳ್ಳದೆ ಸ್ವಂತ ಮನೆಯವರ ಕಟ್ಟಡ ಸಾಲಿನಲ್ಲೇ ಸೇರಿಸಿದರು. 2002ರ ಕೊನೆಗೆ ಮೊದಲ ನಿವಾಸಿಗಳು ಬಂದರು. ಬೆರೆಸಿದೊಡನೆ ಎಲ್ಲರೂ ಅಣ್ಣತಮ್ಮಂದಿರಾಗಲಿಲ್ಲ, ನೆರೆಯವರ ನಡುವೆ ತಕರಾರುಗಳಾದವು. ಅದು ಸಹಜವೆಂದೇ ನಮಗನ್ನಿಸುತ್ತದೆ. ತಕರಾರು ಮಾಡುವುದಕ್ಕಾದರೂ ಇಬ್ಬರೂ ಅಲ್ಲಿರಬೇಕಲ್ಲ.

ಹೆಚ್ಚು ಯೋಚನೆಗೆ ಹಚ್ಚುವುದು ಬೇರೆ ಸಂಗತಿ. 1997ರ ಮಾರ್ಚಿನಲ್ಲಿ ಈ ಯೋಜನೆ ಬೇಕೇ ಬೇಡವೇ ಎಂದು ನಗರದವರನ್ನೇ ಮತದ ಮೂಲಕ ಕೇಳಿದ್ದರು. ಮತ ಹಾಕಿದವರಲ್ಲಿ ಹೆಚ್ಚಿನವರು ಸರೋವರವನ್ನು ಮುಟ್ಟಬೇಡಿ ಎಂದರು. ಆದರೆ ನಿಯಮದ ಪ್ರಕಾರ ಬೀಳಬೇಕಾಗಿದ್ದಷ್ಟು ಮತಗಳು ಬೀಳದ್ದರಿಂದ ಕೆಲಸ ಮುಂದುವರಿಯಿತು. 2004ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಮಂಡಲಿ, ನಿಸರ್ಗದ ಮೇಲಿನ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು ಎರಡನೆಯ ಹಂತವನ್ನು ತಡೆಯಿತು. ಮುಂದೆ ವರ್ಷಗಳ ನಂತರ ಅದೂ ಶುರುವಾಯಿತು. ಬಡವರಿಗೆ ಪಾಲು ಕೊಟ್ಟ ಮಾತ್ರಕ್ಕೆ ನೀರಿನ ಪಾಲು ಸಂದಂತಾಯಿತೇ? ಮನೆಯಿಲ್ಲದವನಿಗೆ ಸರೋವರದ ಹಕ್ಕಿಗಳ ಮಾತು ಐಷಾರಾಮವೆನಿಸಬಹುದು, ಅವನ ಮಾತಿನಲ್ಲೂ ನ್ಯಾಯವಿದೆ. ಎರಡು ನ್ಯಾಯಗಳು ಎದುರುಬದುರು ನಿಂತಾಗ ಒಂದನ್ನು ಕೇಳದೆಯೇ ಇನ್ನೊಂದನ್ನು ನಡೆಸುವುದಕ್ಕಿಂತ, ಕೇಳಿ ಸೋಲಿಸುವುದು ಮೇಲು ಎಂದಷ್ಟೇ ನಾವು ಹೇಳಬಲ್ಲೆವು.

ನಮ್ಮ ದೇಶದಲ್ಲಿ ನಕ್ಷೆ ಬೆರೆಸಿದ್ದನ್ನು ಗೇಟು ಬೇರ್ಪಡಿಸುತ್ತದೆ. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರಿ ಸಂಘವೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಸಂಘವು ತನ್ನ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಮೀಸಲಿಡಬಹುದು ಎಂದಿತು. ಕ್ಷೀಣಿಸುತ್ತಿರುವ ಪುಟ್ಟ ಸಮುದಾಯವೊಂದರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ಆ ಬಾಗಿಲಿನಿಂದ ಬಲ್ಲಿದರೂ ಒಳಬರುತ್ತಾರೆ. ಬಾಡಿಗೆ ಮನೆ ಕೇಳಿಕೊಂಡು ಹೋದಾಗ ಹೆಸರು ಕೇಳಿದ ಮೇಲೆ ಮನೆ ಆಗಲೇ ಹೋಯಿತೆಂದು ಹೇಳಿಸಿಕೊಂಡವರಲ್ಲಿ ನಾವೂ ಒಬ್ಬರು, ಓದುಗರಲ್ಲಿಯೂ ಹಲವರಿರಬಹುದು. ಅಡುಗೆಮನೆಯ ವಾಸನೆ, ಹಬ್ಬದ ಕುರಿ, ಪಾದರಕ್ಷೆಯ ಚರ್ಮ, ಒಣಮೀನು ಇವೇ ನೆರೆಹೊರೆಯನ್ನು ತೀರ್ಮಾನಿಸುತ್ತವೆ. ಎಲ್ಲರದೂ ಆಗಿದ್ದ ಕಡಲಿನ ಮೇಲೆ ಸರಕಾರವೇ ಎಬ್ಬಿಸಿದ ನೆಲದಲ್ಲಾದರೂ ಇಂಥ ಗೇಟುಗಳು ಇರಬಾರದೆಂದು ಮಾರುವಾಗಲೇ ಕರಾರು ಹಾಕಬೇಡವೇ? ಹಾಗೆಯೇ ಇಂತಿಷ್ಟು ಮನೆ, ಇಂತಿಷ್ಟು ಮಳಿಗೆ ಎಂದೆಂದಿಗೂ ಕಡಿಮೆ ಬಾಡಿಗೆಯಲ್ಲೇ ಇರಬೇಕೆಂದು ಬರೆದಿಡಬೇಡವೇ? ವಕ್ಫ್ ಮಾಡಿದ ಆಸ್ತಿಯನ್ನು ಮಾರಬಾರದೆಂದು ಕಟ್ಟು ಹಾಕಿದವರಿಗೆ ಈ ಉಪಾಯ ಗೊತ್ತಿತ್ತು. ಆ ಕಟ್ಟನ್ನು ನಮ್ಮವರೇ ಹೇಗೆ ಬಿಚ್ಚಿದರೆಂಬುದು ಇನ್ನೊಂದು ಲೇಖನದ ವಿಷಯ.

ಮುಂಬಯಿಯ ಪಶ್ಚಿಮ ತೀರದಲ್ಲಿ 2018ರಲ್ಲಿ ಆರಂಭವಾಗಿ 2024ರ ಮಾರ್ಚಿನಿಂದ ಹಂತಹಂತವಾಗಿ ತೆರೆದ ಕರಾವಳಿ ರಸ್ತೆಗಾಗಿ ನೂರಕ್ಕೂ ಹೆಚ್ಚು ಹೆಕ್ಟೇರ್ ಕಡಲನ್ನು ತುಂಬಿಸಲಾಯಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಅನುಮತಿಯನ್ನು ರದ್ದು ಮಾಡಿತ್ತು, ವರ್ಷದ ಕೊನೆಗೆ ಸುಪ್ರೀಂ ಕೋರ್ಟ್ ಕೆಲಸ ಮುಂದುವರಿಸಲು ಬಿಟ್ಟಿತು. 2022ರಲ್ಲಿ ಅಲ್ಲಿ ಉದ್ಯಾನಗಳಿಗೆ ಒಪ್ಪಿದಾಗ, ಆ ನೆಲವನ್ನು ವಾಸಕ್ಕಾಗಲೀ ವ್ಯಾಪಾರಕ್ಕಾಗಲೀ ಬಳಸಕೂಡದೆಂದು ಹೇಳಿತು. ಬಡಾವಣೆ ಕಟ್ಟುವುದಕ್ಕಿಂತ ಉದ್ಯಾನವೇ ಲೇಸೆಂದು ಸಮಾಧಾನಪಡುವವರಿದ್ದಾರೆ. ಉದ್ಯಾನ ಎಲ್ಲರದು, ಸರಿ. ಆದರೆ ವರಳಿ ಕೋಳಿವಾಡೆಯ ಮೀನುಗಾರರು ಕೇಳಿದ್ದು ಉದ್ಯಾನವನ್ನಲ್ಲ. ತಮ್ಮ ದೋಣಿಗಳು ಹೊರಡುವ ಬಾಯಿಯಲ್ಲೇ ಸೇತುವೆಯ ಕಂಬಗಳು ಬರುತ್ತವೆ, ಅವುಗಳ ನಡುವಿನ 60 ಮೀಟರ್ ಅಂತರ ಬಿರುಗಾಳಿಯಲ್ಲಿ ಸಾಲದು ಎಂದರು. ದೋಣಿಗಳನ್ನು ಅಡ್ಡ ನಿಲ್ಲಿಸಿ ಕೆಲಸ ತಡೆದರು. ತಜ್ಞರು ಸಾಕೆಂದರು, ಇವರು ಸಾಲದೆಂದರು, ಒಂದು ವರ್ಷಕ್ಕೂ ಮೇಲೆ ಎಳೆದಾಡಿ ಕೊನೆಗೆ ಪಾಲಿಕೆ ನಡುವಿನ ಒಂದು ಕಂಬವನ್ನೇ ಬಿಟ್ಟು ಅಂತರವನ್ನು 120 ಮೀಟರಿಗೆ ಏರಿಸಿತು. ಅಬೂ ಯೂಸುಫರು ಬದುಕಿದ್ದರೆ ಮೊದಲ ದಿನವೇ ಕೇಳುತ್ತಿದ್ದ ಪ್ರಶ್ನೆಯದು, ಇದರಿಂದ ಯಾರಿಗೆ ಕೇಡು ಎಂದು.

ನಗರದ ನಕ್ಷೆಯಲ್ಲಿ ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕಾರ್ಖಾನೆಗೆ ನೇರಳೆ ಬಣ್ಣ ಬಳಿಯುತ್ತಾರೆ. ಮೀನು ಒಣಗಿಸುವ ಅಂಗಳಕ್ಕೆ ಯಾವ ಬಣ್ಣ? ಅದು ಮನೆಯ ಅಂಗಳವೂ ಹೌದು, ದುಡಿಮೆಯ ಜಾಗವೂ ಹೌದು, ಅಂಗಡಿಯೂ ಹೌದು, ಸಂಜೆ ಮಕ್ಕಳು ಆಡುವ ಬಯಲೂ ಹೌದು. ಮಿಶ್ರ ಬಳಕೆಗೆ ಇದಕ್ಕಿಂತ ಪೂರ್ಣವಾದ ಉದಾಹರಣೆ ಯಾವ ಪಠ್ಯಪುಸ್ತಕದಲ್ಲೂ ಸಿಗಲಾರದು. ಆದರೆ ಯಾವ ಹೊಸ ಬಡಾವಣೆಯ ನಕ್ಷೆಯಲ್ಲೂ ಅದಕ್ಕೆ ಜಾಗವಿಟ್ಟದ್ದನ್ನು ನಾವು ಕಾಣೆವು. ವಾಸನೆಗೆ ಯಾರು ಒಪ್ಪುತ್ತಾರೆ ಎನ್ನುತ್ತಾರೆ. ಈ ಮಾತು ಹೇಳುವವರು ಬೇರೆಯವರೇ ಆಗಬೇಕೆಂದಿಲ್ಲ. ನಮ್ಮ ಮೊಹಲ್ಲಾಗಳಲ್ಲೇ ಗಲ್ಫ್ ದುಡ್ಡಿನಿಂದ ಮೇಲೆದ್ದ ಫ್ಲ್ಯಾಟುಗಳಿಗೆ ಹೋದವರು, ತಾವು ಹುಟ್ಟುವ ಮೊದಲಿನಿಂದ ಅಲ್ಲಿದ್ದ ಕಸಾಯಿಯ ಅಂಗಡಿಯನ್ನು ಬೇರೆ ಕಡೆಗೆ ಸಾಗಿಸಿ ಎಂದು ಜಮಾಅತ್ತಿಗೆ ಅರ್ಜಿ ಕೊಡುತ್ತಾರೆ. ಶುಕ್ರವಾರದ ಬಿರಿಯಾನಿಗೆ ಮಾಂಸ ತರಲು ಮಗನನ್ನು ಕಳಿಸುವುದು ಮಾತ್ರ ಆ ಅಂಗಡಿಗೇ.